ಹನ್ನೊಂದು ಗಂಟೆಯ ಬೆಲ್ಟು

ನವೆಂಬರಿಗೆ ಸರಿಯಾಗಿ ಬರುತ್ತಾರೆ,
ಉಲ್ಮ್ ಊರಿನ ಹಲ್ಲಿನ ಡಾಕ್ಟರು, ರೈನ್‌ಹಾರ್ಟ್ ಎಗ್ಲೋಫ್.
ಅವರಿಗಿಂತ ವಾರ ಮೊದಲು ಹಡಗಿಳಿದು
ಕಬ್ಬಿಣದ ಪೆಟ್ಟಿಗೆಯಲ್ಲಿ ಬಂದಿರುತ್ತದೆ ಗ್ಲೈಡರು,
ರೆಕ್ಕೆ ಬಿಚ್ಚಿ, ಬಟ್ಟೆ ಸುತ್ತಿ, ಬಾಣಂತಿಯ ಹಾಗೆ.

ಕಲಹಾರಿಯ ಅಂಚು. ಒಣಗಿದ ಕೆರೆಯ ತಳವೇ ನಮ್ಮ ರನ್‌ವೇ.
ಹತ್ತೂವರೆಗೆಲ್ಲ ನೆಲ ಕಾದು
ಗಾಳಿಯನ್ನು ಮೇಲಕ್ಕೆ ಒದೆಯುತ್ತದೆ.
ಆ ಗಾಳಿ ಸಿಕ್ಕರೆ ಎಂಜಿನ್ನು ಬೇಡ,
ಸಂಜೆಯವರೆಗೆ ಆಕಾಶ ನಿಮ್ಮದು.
ಸಿಗುವವರೆಗೆ?
ಸಿಗುವವರೆಗೆ ಎಲ್ಲ ಭಾರ ಒಂದು ಬೆಲ್ಟಿನ ಮೇಲೆ.

ಬೆನ್ನು ಸೀಳಿ ಏಳುವ ಕಂಬದ ತುದಿಗೆ ಪ್ರೊಪೆಲ್ಲರು,
ಕೆಳಗೆ ಹೊಟ್ಟೆಯಲ್ಲಿ ಎಂಜಿನ್ನು,
ನಡುವೆ ಎರಡು ಬೆರಳಗಲದ ಕಪ್ಪು ರಬ್ಬರು, ಒಳಮೈಗೆ ಹಲ್ಲು.
"ಎಲ್ಲ ಎಣಿಸಿದ್ದೇನೆ ಆಲೆಟ್ಟಾ, ಒಂದೂ ಹುಳುಕಿಲ್ಲ" ಅಂದರು.
ನಕ್ಕೆವು.
"ಪುಸ್ತಕದ ಪ್ರಕಾರ ಮೂವತ್ತು ಗಂಟೆ ಆಯುಸ್ಸು,
ಓಡಿರುವುದು ಹನ್ನೊಂದು."

ಲೆಕ್ಕ ಸರಿ.
ಆದರೆ ಆರು ವರ್ಷ. ವರ್ಷಕ್ಕೆ ಹತ್ತು ತಿಂಗಳು
ಮಡಿಚಿದ ಕಂಬದ ಅಡಿಯಲ್ಲಿ, ಒಂದೇ ಮಗ್ಗುಲಲ್ಲಿ, ಪೆಟ್ಟಿಗೆಯ ಕತ್ತಲಲ್ಲಿ.
ಕೂತದ್ದೂ ಒಂದು ಓಟವೇ,
ಯಾವ ಮೀಟರೂ ಅದನ್ನು ಬರೆದುಕೊಳ್ಳುವುದಿಲ್ಲ.

ಹೆಬ್ಬೆರಳಿನ ಗೆಣ್ಣಿನಿಂದ ಮೀಟಿದೆ.
ಝೇಂ ಅನ್ನಬೇಕಾದದ್ದು
ದುಮ್ ಅಂದಿತು, ತೊಯ್ದ ಡೋಲಿನ ಹಾಗೆ.
ಒಂದು ಸುತ್ತು ಬಿಗಿ ಮಾಡಿದೆ. ಶ್ರುತಿ ಕೂಡಿತು.
ಶ್ರುತಿ ಕೂಡಿದರೆ ಸಾಕೆ?

ನನ್ನಪ್ಪ ಎತ್ತಿನ ಬಂಡಿಗಳಿಗೆ ಮಿಣಿ ಮಾಡುತ್ತಿದ್ದ.
ಹಸಿ ತೊಗಲನ್ನು ಮುಳ್ಳುಮರದ ಕೊಂಬೆಗೆ ತೂಗಿ,
ಕೆಳಗೆ ಕಲ್ಲು ಕಟ್ಟಿ, ತಿರುಚಿ ತಿರುಚಿ ಬಿಡುವುದು,
ಕೊಬ್ಬು ಸವರುವುದು, ಮತ್ತೆ ತಿರುಚುವುದು, ದಿನಗಟ್ಟಲೆ.
ನಮ್ಮ ನಾಮಾ ಮಾತಿನಲ್ಲಿ, ನಾಲಿಗೆ ಲೊಚಗುಟ್ಟಿಸಿ ಹೇಳುತ್ತಿದ್ದ:
ಎಳೆದ ಮಿಣಿ ಹೇಳಿ ಹರಿಯುತ್ತದೆ,
ಗೋಡೆಗೆ ತೂಗಿಟ್ಟದ್ದು ಹೇಳದೆ.

ಇಷ್ಟು ಗೊತ್ತಿದ್ದೂ ಸಹಿ ಹಾಕಿದೆ.
ಹೊಸ ಬೆಲ್ಟು ವಿಂಡ್‌ಹುಕ್‌ನ ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡಿತ್ತು,
ಅವರ ರಜೆ ಹನ್ನೆರಡೇ ದಿನ,
ಆ ಬೆಳಗ್ಗೆ ಮೋಡ ಬೇರೆ ಚೆನ್ನಾಗಿ ಕಟ್ಟುತ್ತಿತ್ತು.

ಅರವತ್ತು ಮೀಟರು ಏರಿರಬಹುದು.
ಮೊದಲು ಕೇಳಿದ್ದು ಎಂಜಿನ್ನಿನ ಕಿರುಚು,
ಹೊರೆ ಕಳಚಿಬಿದ್ದ ಕತ್ತೆಯ ಓಟದಂಥದು.
ಮೇಲೆ ಪ್ರೊಪೆಲ್ಲರು ನಿಧಾನವಾಗಿ, ಅಲಗು ಅಲಗಾಗಿ ಕಂಡಿತು.
ಎತ್ತುತ್ತಿದ್ದ ಕಂಬವೇ ಈಗ ಅಡ್ಡಿ,
ಗಾಳಿಗೆ ಅಡ್ಡ ನಿಲ್ಲಿಸಿದ ಬಾಗಿಲು.
ಮೂತಿ ತಗ್ಗಿಸಿ, ಇನ್ನೂ, ತಿರುಗಬೇಡಿ, ನೇರ...
ರೇಡಿಯೋ ಕೈಯಲ್ಲಿತ್ತು. ಒಂದಕ್ಷರ ಹೊರಡಲಿಲ್ಲ.
ಅವರಿಗೆ ಗೊತ್ತಿತ್ತು.

ಧೂಳೆದ್ದಿತು.
ಧೂಳು ಕೂತಿತು.
ರೆಕ್ಕೆಯ ತುದಿ ಮೆಲ್ಲಗೆ ನೆಲಕ್ಕೊರಗಿತು.
ಮುಂದೆ ಇನ್ನೂ ಎರಡು ಮೈಲಿ ಬಯಲು ಉಳಿದಿತ್ತು.
"ನಮ್ಮಲ್ಲಾಗಿದ್ದರೆ ಇಲ್ಲಿ ಕಾಡು" ಅಂದರು ಡಾಕ್ಟರು,
ಬೇರೇನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ಬೆಲ್ಟು ತುಂಡಾಗಿರಲಿಲ್ಲ,
ಹಲ್ಲಷ್ಟೇ ಉದುರಿ ಒಂದು ಗೇಣು ಬೋಳು ವಸಡು.
ಇಬ್ಬರೂ ಬಗ್ಗಿ ನಡೆದು ಬಿರಿದ ಮಣ್ಣಿನಲ್ಲಿ ಹುಡುಕಿದೆವು.
ಇಪ್ಪತ್ಮೂರು ಸಿಕ್ಕವು. ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡರು.
ತಲೆಯ ಮೇಲೆ ದಿಗಂತದಿಂದ ದಿಗಂತಕ್ಕೆ
ಹುರಿಗಡಲೆ ಚೆಲ್ಲಿದಂಥ ಮೋಡ.
ಹಲ್ಲು ಮಾತ್ರ ಅವರ ಜೇಬಿನಲ್ಲಿ.

ಈಗ ನನ್ನ ಪುಸ್ತಕದಲ್ಲಿ ಗಂಟೆಯ ಪಕ್ಕ ಇನ್ನೊಂದು ಗೆರೆ ಎಳೆದಿದ್ದೇನೆ:
ಎಷ್ಟು ದಿನ ಸುಮ್ಮನಿತ್ತು.
ಯಾರೂ ಕೇಳಿದ್ದಲ್ಲ. ಗೆರೆಯೂ ಸೊಟ್ಟ.
ಮೊದಲ ಸಾಲಿನಲ್ಲಿ ಅವರ ಬೆಲ್ಟು,
ಅದರ ಮುಂದೆ ನನ್ನ ಸಹಿ.
ಹೊಡೆದುಹಾಕಿಲ್ಲ.